ನಾಯಕ್ ಬಹಾದ್ದೂರನ ಇಪ್ಪತ್ತು ದಿನದ ಛುಟ್ಟಿ

ನಮ್ಮ ಮನೆಯ ಬಾಗಿಲು ಬಹಳ ಗಿಡ್ಡ. ತಹಸೀಲದಾರನೇ ಬರಲಿ, ಒಳಗೆ ಕಾಲಿಡಬೇಕಾದರೆ ನಮ್ಮ ಆಡಿನ ಮುಂದೆ ತಲೆ ಬಾಗಿಸಲೇಬೇಕಿತ್ತು, ಯಾಕೆಂದರೆ ಹೊಸ್ತಿಲು ದಾಟಿದ ಕೂಡಲೇ ಎದುರಿಗೆ ಸಿಗುತ್ತಿದ್ದುದು ಅದೇ. ಈ ವಿಚಾರ ನನಗೆ ಚಿಕ್ಕಂದಿನಲ್ಲಿ ಬಹಳ ಖುಷಿ ಕೊಡುತ್ತಿತ್ತು. ತಹಸೀಲದಾರ ಒಂದು ದಿನವೂ ಬರಲಿಲ್ಲ, ಅದು ಬೇರೆ ಮಾತು. ಆಳಂದದ ಅಗಸಿ, ಅಂದರೆ ಊರ ಹೆಬ್ಬಾಗಿಲು, ದಾಟಿ, ಊರು ಮುಗಿಯಿತು ಅನ್ನುವ ಕಡೆ ಇದ್ದ ಓಣಿ ನಮ್ಮದು. ಊರೊಳಗಿನ ಜನ ಆ ಓಣಿಗೆ ಬರುತ್ತಿರಲಿಲ್ಲ. ಕೆಲಸವಿದ್ದರೆ ದೂರದ ಬೇವಿನ ಗಿಡದ ಕೆಳಗೆ ನಿಂತು ಕೂಗುತ್ತಿದ್ದರು, ನಾವು ಓಡಿ ಹೋಗುತ್ತಿದ್ದೆವು. ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆ ಕೋಣೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ಚೌಕ ಬೆಳಿಗ್ಗೆ ಗೋಡೆಯ ಮೇಲಿದ್ದರೆ ಅಪ್ಪ ಕೆಲಸಕ್ಕೆ ಹೊರಡಬೇಕು, ಒಲೆಯ ಹತ್ತಿರ ಬಂದರೆ ಅವ್ವ ರೊಟ್ಟಿ ಬಡಿಯಬೇಕು. ಅಪ್ಪ ತೊಗರಿ ಅಡತಿ ಅಂಗಡಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಸಂಜೆ ಅವನ ಮೈಯಿಂದ ತೊಗರಿಯ ಧೂಳಿನ ವಾಸನೆ ಬರುತ್ತಿತ್ತು, ಈಗಲೂ ಹೊಸ ಬೇಳೆಯ ಚೀಲ ಬಿಚ್ಚಿದರೆ ನನಗೆ ಅಪ್ಪ ಬಂದ ಹಾಗಾಗುತ್ತದೆ.

ಮನೆಯ ಯಜಮಾನಿಕೆ ಮಾತ್ರ ಆಯಿಯದು, ಅಂದರೆ ಅಪ್ಪನ ತಾಯಿಯದು. ಅವಳು ಸೂಲಗಿತ್ತಿ. ಊರ ಅರ್ಧ ಮಕ್ಕಳು ಅವಳ ಕೈಯಲ್ಲಿ ಹುಟ್ಟಿದವು. ಹೆರಿಗೆಯ ಹೊತ್ತಿಗೆ ದೊಡ್ಡ ದೊಡ್ಡ ಮನೆಗಳು ಹಿತ್ತಲ ಬಾಗಿಲಿಂದ ಅವಳನ್ನು ಒಳಗೆ ಕರೆದುಕೊಳ್ಳುತ್ತಿದ್ದವು. ಬಾಣಂತಿಗೆ ನೀರೆರೆಯುವ ದಿನಗಳು ಮುಗಿದ ಮೇಲೆ ಅದೇ ಮನೆಗಳಲ್ಲಿ ಅವಳು ಮತ್ತೆ ಅಂಗಳದ ಆಚೆ ನಿಲ್ಲಬೇಕಿತ್ತು. ಅವಳು ಅದರ ಬಗ್ಗೆ ಅಳುತ್ತ ಕೂತದ್ದನ್ನು ನಾನು ನೋಡಲಿಲ್ಲ. ಅವಳಿಗೆ ಅಷ್ಟು ಪುರುಸೊತ್ತೂ ಇರಲಿಲ್ಲ, ದಿನವೂ ಅವ್ವನ ಜೊತೆ ಜಗಳವಾಡಬೇಕಿತ್ತಲ್ಲ. ಪುಂಡಿ ಪಲ್ಯಕ್ಕೆ ಉಪ್ಪು ಹೆಚ್ಚು ಎಂದು ಆಯಿ ಅಂದರೆ, ನಾಲಿಗೆಯೇ ಹೆಚ್ಚು ಎಂದು ಅವ್ವ ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಆ ಮನೆಗೆ ಒಂದು ಕರಡಿ ಅತಿಥಿಯಾಗಿ ಬಂದ ಕಥೆಯನ್ನು ಮೊಮ್ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. ಪ್ರತಿ ಸಲ ಒಂದು ಸಣ್ಣ ಭಾಗ ಮುಚ್ಚಿಟ್ಟಿದ್ದೆ. ಈಗ ಫೋನಿನಲ್ಲಿ ಒತ್ತೊತ್ತಿ ಬರೆಯಲು ಕಲಿತಿದ್ದೇನೆ, ಎದುರಿಗೆ ಯಾರೂ ಕೂತು ಮುಖ ನೋಡುವುದಿಲ್ಲ, ಆದ್ದರಿಂದ ಎಲ್ಲವನ್ನೂ ಬರೆದುಬಿಡುತ್ತೇನೆ.

ನನಗೆ ಆಗ ಎಂಟು ವರ್ಷವಿರಬಹುದು. ಎರಡನೆಯ ದೊಡ್ಡ ಯುದ್ಧ ನಡೆಯುತ್ತಿತ್ತು. ಅಪ್ಪನ ತಮ್ಮ ಮಾರುತಿ ಕಾಕಾ ಸೊಲ್ಲಾಪುರಕ್ಕೆ ಹೋಗಿ ಫೌಜು ಸೇರಿದ್ದ. ಲಾರಿ ನಡೆಸುವ ಪಲ್ಟನ್ನು ಅವನದು. ಎರಡು ವರ್ಷದ ಮೇಲೆ ಇಪ್ಪತ್ತು ದಿನ ಛುಟ್ಟಿ ಸಿಕ್ಕು ಬಂದ. ಪಡಸಾಲೆಯಲ್ಲಿ ಕೂತು ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದ. ಅಪ್ಪನಿಗೆ ಬೂಟು, ಅವ್ವನಿಗೆ ಕನ್ನಡಿ, ಆಯಿಗೆ ಉಣ್ಣೆಯ ಶಾಲು ಬಂದವು. ಕೊನೆಗೆ ಒಂದು ಟವೆಲ್ಲಿನ ಸುರುಳಿ ಬಿಚ್ಚಿದ. ಒಳಗಿಂದ ಎರಡು ಗಾಜಿನ ಕಣ್ಣು ನಮ್ಮನ್ನು ನೋಡಿದವು. ಆಯಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇದೇನೋ ಮಾರ್ತ್ಯಾ, ಯಾರ ಕೂಸನ್ನ ಸುತ್ತಿಕೊಂಡ ಬಂದಿ?"

"ಕೂಸಲ್ಲ ಬೇ ಯವ್ವಾ, ಕರಡಿ. ನಮ್ಮ ಪಲ್ಟನ್ನಿನ ಕರಡಿ. ಹೆಸರು ಬಹಾದ್ದೂರ. ಇವನೂ ಛುಟ್ಟಿ ಮ್ಯಾಲ ಬಂದಾನ."

ನನ್ನ ಸೊಂಟದಷ್ಟು ಎತ್ತರದ ಬೊಂಬೆ ಅದು. ಮೈತುಂಬ ಬೆಲ್ಲದ ಬಣ್ಣದ ಮೆತ್ತನೆಯ ಕೂದಲು. ತಲೆಯ ಮೇಲೆ ಖಾಕಿ ಟೊಪ್ಪಿಗೆ, ನಡುವಿಗೆ ಚರ್ಮದ ಪಟ್ಟಿ, ಎಡಗೈಯ ಕೂದಲ ಮೇಲೆಯೇ ಹೊಲಿದ ಎರಡು ಬಿಳಿ ಪಟ್ಟಿ. ಯಾವುದೋ ಬಂದರಿನಲ್ಲಿ, ಮನೆ ಬಿಟ್ಟು ಓಡಿದವರ ಸಾಮಾನಿನ ರಾಶಿಯಲ್ಲಿ ಸಿಕ್ಕಿತ್ತಂತೆ. ಅದನ್ನು ಲಾರಿಯ ಮುಂದೆ ಕಟ್ಟಿಕೊಂಡ ದಿನದಿಂದ ಆ ಪಲ್ಟನ್ನಿನ ಒಂದು ಲಾರಿಯೂ ಬಾಂಬಿಗೆ ಸಿಕ್ಕಿರಲಿಲ್ಲ. ಡ್ರೈವರುಗಳೆಲ್ಲ ಅದರ ತಲೆ ಮುಟ್ಟಿಯೇ ಗಾಡಿ ಹತ್ತುತ್ತಿದ್ದರು. ಸಾಹೇಬ ಅದಕ್ಕೆ ನಾಯಕ್ ಅಂತ ಹುದ್ದೆ ಕೊಟ್ಟಿದ್ದ. ಕಾಕಾ ಬರಿಯ ಸಿಪಾಯಿ.

"ಅಂದ್ರ ಇವ ನಿನಗಿಂತ ದೊಡ್ಡವನಾ?" ಎಂದು ಅವ್ವ ಬಾಯಿಗೆ ಸೆರಗು ಹಿಡಿದು ಕೇಳಿದಳು.

"ಹೌದ್ರಿ ವೈನಿ. ಮುಂಜಾನೆ ಎದ್ದು ಸಲಾಮ್ ಹೊಡಿಬೇಕು."

"ಹಂಗಾದ್ರ ಊಟಕ್ಕ ಅವನಿಗೇ ಮೊದಲ ಹಾಕಬೇಕಾಗ್ತದ," ಎಂದು ಆಯಿ ತೀರ್ಪು ಕೊಟ್ಟಳು. "ಮನಿಗೆ ಬಂದವ ಏನಾರ ಇರಲಿ, ಬಂದಾನಲ್ಲ, ಮುಗೀತು. ಚಂದಿ, ಕಾಲಿಗೆ ನೀರ ತಾ."

ಹೀಗೆ ನಾಯಕ್ ಬಹಾದ್ದೂರನ ಕಾಲಿಗೆ ನಾನು ನೀರು ತೋರಿಸಿದೆ, ಹಾಕಲಿಲ್ಲ. ಊಟಕ್ಕೆ ಅವನ ಮುಂದೆ ತಾಟಿಟ್ಟು, ಬಿಸಿ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಒಂದು ಬೆಣ್ಣೆಯ ಉಂಡೆ ಹಾಕಿದರು. ನಮಗೆ ಬೆಣ್ಣೆ ಇರಲಿಲ್ಲ. ಅವನು ಮರ್ಯಾದೆಯವನು, ಮುಟ್ಟಲಿಲ್ಲ. ಆ ತಾಟು ಕೊನೆಗೆ ಯಾರಿಗೆ ಎಂದು ಅವ್ವ, ಆಯಿ ವಾದ ಮಾಡುತ್ತಿದ್ದಾಗ ನಾನು ಅವನ ಪಕ್ಕ ಕೂತು ಒಂದೊಂದೇ ತುತ್ತು ಮುಗಿಸಿಬಿಟ್ಟಿದ್ದೆ. ಮರುದಿನದಿಂದ ಅವನ ಪಕ್ಕದ ಜಾಗ ನನ್ನದೇ ಆಯಿತು. ರಾತ್ರಿ ನನ್ನ ಕೌದಿಯೊಳಗೆ ಮಲಗುತ್ತಿದ್ದ, ಹಗಲು ನನ್ನ ಕಂಕುಳಲ್ಲಿ ಇರುತ್ತಿದ್ದ. ಅವನನ್ನು ಮಾಳಿಗೆ ಹತ್ತಿಸಿ ಊರು ತೋರಿಸಿದೆ, ಆಡಿನ ಮೇಲೆ ಕೂಡಿಸಿದೆ. ಆಡಿಗೆ ಅವನ ಹುದ್ದೆ ಗೊತ್ತಿರಲಿಲ್ಲ, ಬಚ್ಚಲ ಹತ್ತಿರ ಕೆಡವಿತು.

ಬಹಾದ್ದೂರನ ಜೊತೆ ಒಂದು ಸಣ್ಣ ಪುಸ್ತಕ ಬಂದಿತ್ತು. ಛುಟ್ಟಿಗೆ ಹೋಗುವ ಸಿಪಾಯಿಗಳು ಸರದಿಯ ಮೇಲೆ ಅವನನ್ನು ಊರಿಗೆ ಒಯ್ಯುತ್ತಿದ್ದರು. ಅವನು ಅಲ್ಲಿ ಏನು ತಿಂದ, ಏನು ನೋಡಿದ ಅಂತ ಬರೆದು ತರಬೇಕು. ಮರಳಿದ ದಿನ ಎಲ್ಲರ ಮುಂದೆ ಅದನ್ನು ಓದುತ್ತಾರೆ. ಕಾಕಾ ಫೌಜಿನಲ್ಲಿ ಅಕ್ಷರ ಕಲಿತಿದ್ದ, ಹಿಂದಿನವರು ಬರೆದದ್ದನ್ನು ನಮಗೆ ಓದಿ ಹೇಳಿದ. ಪಂಜಾಬಿನಲ್ಲಿ ಬಹಾದ್ದೂರ ಮದುಮಗನ ಮುಂದೆ ಕುದುರೆಯ ಮೇಲೆ ಕೂತಿದ್ದ. ಕೊಂಕಣದಲ್ಲಿ ದೋಣಿಯಲ್ಲಿ ಸಮುದ್ರಕ್ಕೆ ಹೋಗಿದ್ದ. ಇನ್ನೊಬ್ಬರ ಮನೆಯಲ್ಲಿ ಎರಡು ಅಂತಸ್ತು, ಅಂಗಳದಲ್ಲಿ ನವಿಲು. ಓದುತ್ತ ಓದುತ್ತ ಕಾಕಾನ ದನಿ ಸಣ್ಣದಾಯಿತು. ಆಮೇಲೆ ಕಿವಿಯ ಮೇಲೆ ಪೆನ್ಸಿಲು ಇಟ್ಟುಕೊಂಡು ಮನೆಯೆಲ್ಲ ಅಡ್ಡಾಡಿದ. ಮಾಳಿಗೆ ನೋಡಿದ, ಆಡು ನೋಡಿದ, ಹೊಗೆ ಹಿಡಿದ ಗೋಡೆ ನೋಡಿದ. 'ಆಳಂದ. ರೊಟ್ಟಿ ತಿಂದ' ಎಂದು ಬರೆದು ಪುಸ್ತಕ ಮುಚ್ಚಿದ.

"ಅಷ್ಟೇನಾ ಕಾಕಾ?" ಅಂದೆ.

"ಮತ್ತೇನ್ ಬರೀಲಿ ಬೇ? ನಮ್ಮ ಮನ್ಯಾಗ ಬರಿಯುವಂಥಾದ್ದು ಏನ್ ಅದ? ಅಲ್ಲಿ ಎಲ್ಲಾರೂ ಒಂದೇ ಭಾಂಡೆದಾಗಿಂದು ಉಣ್ತೇವಿ, ನೀ ಯಾವ ಓಣಿಯಾಂವ ಅಂತ ಯಾರೂ ಕೇಳಂಗಿಲ್ಲ. ಇದನ್ನ ಓದಿದ್ರ ಗೊತ್ತಾಗ್ತದ."

ಅವನು ನಗುತ್ತಲೇ ಅಂದ. ಆದರೆ ನನಗೆ ನಮ್ಮ ಮನೆಯ ಬಣ್ಣವನ್ನೇ ಯಾರೋ ಕಮ್ಮಿ ಮಾಡಿದ ಹಾಗಾಯಿತು.

ಎಂಟನೆಯ ದಿನ ಕಾಕಾ ಮಣ್ಣೂರಿನಲ್ಲಿದ್ದ ಅಕ್ಕನನ್ನು ನೋಡಲು ಹೊರಟ. ಹರಿಗೋಲಿನಲ್ಲಿ ಭೀಮೆ ದಾಟುವಾಗ ಬಹಾದ್ದೂರ ತೊಯ್ದರೆ ಕಷ್ಟವೆಂದು ಅವನನ್ನು ಮನೆಯಲ್ಲೇ ಬಿಟ್ಟ. ಹೊರಡುವ ಮುಂದೆ ನನ್ನನ್ನು ನೆಟ್ಟಗೆ ನಿಲ್ಲಿಸಿದ.

"ಇವತ್ತಿಂದ ನೀನೇ ಸಂತ್ರಿ, ಕಾವಲು ನಿಂದು. ನಾಯಕ್ ಸಾಬ್ ಹ್ಯಾಂಗ ಇದ್ದಾರೋ ಹಂಗೇ ನನ್ನ ಕೈಗೆ ಬರಬೇಕು. ಒಂದ ಪಟ್ಟಿ ಕಮ್ಮಿ ಆದ್ರೂ ಅಲ್ಲಿ ನಾ ತಲಿ ಎತ್ತಂಗಿಲ್ಲ. ತಿಳೀತಿಲ್ಲೋ?"

"ತಿಳೀತು ಕಾಕಾ," ಎಂದು ಸಲಾಮು ಹೊಡೆದೆ. ನಾನು ಮುಚ್ಚಿಡುತ್ತಿದ್ದ ಭಾಗ ಇಲ್ಲಿಂದ ಶುರು.

ನಮ್ಮ ಕಡೆ ಮಕ್ಕಳು ಬೆಚ್ಚಿದರೆ, ನಿದ್ದೆಯಲ್ಲಿ ಚೀರಿದರೆ, ಕರಡಿಯ ಕೂದಲನ್ನು ತಾಯತದಲ್ಲಿ ಕಟ್ಟುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕರಡಿ ಆಡಿಸುವವರು ಬರುತ್ತಿದ್ದರು, ಅಂಜಿದ ಕೂಸನ್ನು ಕರಡಿಯ ಬೆನ್ನ ಮೇಲೆ ಕೂಡಿಸಿ, ಮೂರು ಕೂದಲು ಕಿತ್ತು ಕೊಟ್ಟು ಹೋಗುತ್ತಿದ್ದರು. ಎರಡು ವರ್ಷದಿಂದ ಅವರು ಆಳಂದದ ಕಡೆ ಸುಳಿದಿರಲಿಲ್ಲ. ಕಾಕಾ ಹೋದ ದಿನವೇ ಪಕ್ಕದ ಮನೆಯ ಗೌರಿ, ನನ್ನ ಗೆಳತಿ, ತನ್ನ ತಮ್ಮನನ್ನು ಎತ್ತಿಕೊಂಡು ಬಂದಳು. ಗಾಡಿಯ ಎತ್ತು ಹಾಯಲು ಬಂದಾಗಿನಿಂದ ಅವನು ಬೆಚ್ಚಿ ಬೆಚ್ಚಿ ಬೀಳುತ್ತಿದ್ದ.

"ಇದೂ ಕರಡಿನೇ ಅಲ್ಲೇನು?" ಅಂದಳು ಗೌರಿ.

"ಅಲ್ಲೇನು ಅಂದ್ರ? ಫೌಜಿನ ಕರಡಿ. ಬಾಂಬಿಗೇ ಅಂಜಂಗಿಲ್ಲ."

ಬೆನ್ನಿನಿಂದ ಮೂರೇ ಮೂರು ಕೂದಲು ಕಿತ್ತುಕೊಟ್ಟೆ. ಅವಳು ಒಂದು ಹುಣಸೆಹಣ್ಣಿನ ಉಂಡೆ ಕೊಟ್ಟಳು. ಆ ಹುಡುಗ ಅಂದು ಚೀರದೆ ಮಲಗಿದ. ಮರುದಿನ ಓಣಿಯ ನಾಲ್ಕು ಕೂಸುಗಳು ಬಂದವು. ಅದರ ಮರುದಿನ ಸುದ್ದಿ ಅಗಸಿಯ ಒಳಗೆ ಹೋಯಿತು. ಆಯಿ ಹೆರಿಗೆಗೆ, ಅವ್ವ ಹೊಲದ ಕೆಲಸಕ್ಕೆ ಹೋದಾಗ ನನ್ನ ದರಬಾರು. ಮೂರು ಕೂದಲು ಅಂದರೆ ಬೆಲ್ಲದ ಚೂರು, ಐದು ಅಂದರೆ ಪುಠಾಣಿ, ಹಟಮಾರಿ ಕೂಸಿಗೆ ಒಂದು ಚಿಟಿಕೆ ಪೂರ್ತಿ. ಎಲ್ಲ ಬೆನ್ನಿನಿಂದಲೇ. ಆಮೇಲೆ ಬಹಾದ್ದೂರನನ್ನು ಗೋಡೆಗೆ ಆನಿಸಿ ಕೂಡಿಸಿಬಿಟ್ಟರೆ ಮುಂದಿನಿಂದ ನೋಡಿದವರಿಗೆ ಅವನು ಮೊದಲಿನ ಹಾಗೆಯೇ ಠೀವಿಯ ನಾಯಕ್.

ನಾಲ್ಕನೆಯ ದಿನ ಮಧ್ಯಾಹ್ನ ಬೇವಿನ ಗಿಡದ ಹತ್ತಿರ ಯಾರೋ ಕೂಗಿದರು. ಆಯಿ ಮನೆಯಲ್ಲೇ ಇದ್ದಳು. ನಾನು ಓಡಿ ಹೋಗಿ ನೋಡಿದರೆ ಅಪ್ಪ ಹಮಾಲಿ ಮಾಡುವ ಅಂಗಡಿಯ ಸಾಹುಕಾರ್ತಿ, ಸಾಹುಕಾರನ ಹೆಂಡತಿ. ತಲೆ ತುಂಬ ಸೆರಗು, ಕಂಕುಳಲ್ಲಿ ಮೊಮ್ಮಗ. ಕೂಸು ಕಣ್ಣು ಕೆಂಪಾಗಿಸಿಕೊಂಡು ಬಿಕ್ಕುತ್ತಿತ್ತು.

"ನಿಮ್ಮ ಮನ್ಯಾಗ ಕರಡಿ ಅದ ಅಂತಲ್ಲ, ಜರಾ ಇಲ್ಲಿ ತಗೊಂಡ ಬಾ."

ತರಬಹುದಿತ್ತು. ಅವನ ತೂಕ ಒಂದು ಬೆಕ್ಕಿನಷ್ಟು. ಆದರೆ ನನ್ನ ಬಾಯಿಗೆ ಅದೆಲ್ಲಿಂದ ಬಂತೋ ಮಾತು:

"ಅವ ಹೊರಗ ಬರಂಗಿಲ್ರಿ ಅವ್ವಾರ. ಗೋರಾ ಸಾಹೇಬನ ಹುಕುಂ ಅದ. ಬೇಕಾದವರು ಒಳಗ ಬರಬೇಕ್ರಿ."

ಸಾಹುಕಾರ್ತಿ ನನ್ನನ್ನು ನೋಡಿದಳು, ಓಣಿಯನ್ನು ನೋಡಿದಳು, ಕೂಸಿನ ಮುಖ ನೋಡಿದಳು. ಆಮೇಲೆ ನಡೆದು ಬಂದಳು. ನಮ್ಮ ಗಿಡ್ಡ ಬಾಗಿಲಲ್ಲಿ ಸೊಂಟ ಬಾಗಿಸಿ ಒಳಗೆ ಕಾಲಿಟ್ಟಾಗ ಜೋಳ ಕೇರುತ್ತಿದ್ದ ಆಯಿಯ ಕೈಯಿಂದ ಮೊರ ಜಾರಿತು. ಇವಳ ಮೂರು ಬಾಣಂತನ ಮಾಡಿದವಳು ಆಯಿ, ಎಲ್ಲವೂ ಇವಳ ಮನೆಯಲ್ಲಿ. ನಮ್ಮ ಮನೆಯಲ್ಲಿ ಇವಳನ್ನು ಎಲ್ಲಿ ಕೂಡಿಸಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ಕಂಬಳಿ ಹಾಸಿದಳು, ಸರಿಯಿಲ್ಲವೆಂದು ತೆಗೆದು ಕೌದಿ ಹಾಸಿದಳು. ಸಾಹುಕಾರ್ತಿ ಅದು ಹಾಸುವ ಮೊದಲೇ ಬರಿ ನೆಲದ ಮೇಲೆ ಕೂತುಬಿಟ್ಟಿದ್ದಳು. ನಾನು ಬಹಾದ್ದೂರನನ್ನು ತಂದು ಅವಳ ಮುಂದಿಟ್ಟೆ. ಆ ಕೂಸು ಅವನ ಮೂಗು ಹಿಡಿದು ಎಳೆಯಿತು, ಬಿಕ್ಕುವುದನ್ನು ಮರೆಯಿತು, ಆಮೇಲೆ ನಕ್ಕಿತು. ಆಯಿ ಬಹಾದ್ದೂರನ ಭುಜದಿಂದ ಮೂರು ಕೂದಲು ತೆಗೆದು, ಬಟ್ಟೆಯಲ್ಲಿ ಸುತ್ತಿ, ಕರಿ ದಾರದಲ್ಲಿ ಕೂಸಿನ ತೋಳಿಗೆ ಕಟ್ಟಿದಳು. ಕೂಸು ಎದ್ದು ಹೋಗಲು ಒಪ್ಪಲಿಲ್ಲ. ಸಾಹುಕಾರ್ತಿ ಬಿಸಿಲಿನ ಚೌಕ ಒಲೆಯಿಂದ ಜೋಳ ತುಂಬಿಡುವ ಗುಮ್ಮಿಗೆ ಸರಿಯುವ ತನಕ ಕೂತಳು.

"ನಿನ್ನ ಮನಿ ತಂಪ ಅದ ನೋಡು, ಆಯಿ," ಅಂದಳು. ಅಲ್ಲಿಯವರೆಗೆ ಅವಳು ಆಯಿಯನ್ನು ಕರೆಯುತ್ತಿದ್ದುದು "ಏ ಬೇ" ಅಂತ.

ಅವಳು ಬಂದಳೆಂದು ತಿಳಿದ ಮೇಲೆ ಉಳಿದವರಿಗೆ ತಡೆ ಇರಲಿಲ್ಲ. ಎರಡು ದಿನ ಮನೆ ತುಂಬ ಹೆಂಗಸರು, ಕೂಸುಗಳು. ಆಯಿ ಮೂರು ಕೂದಲು ಎಂದು ಲೆಕ್ಕ ಹಾಕಿ ಕೊಟ್ಟರೆ, ಅವಳು ಅತ್ತ ತಿರುಗಿದಾಗ ನಾನು ಮೇಲೊಂದಿಷ್ಟು ಕೊಡುತ್ತಿದ್ದೆ. ಕಾಕಾ ಮರುದಿನ ಬರುತ್ತಾನೆ ಅನ್ನುವಾಗ ಒಮ್ಮೆ ಬಹಾದ್ದೂರನನ್ನು ತಿರುಗಿಸಿ ನೋಡಿದೆ. ಬೆನ್ನೆಲ್ಲ ಬೋಳು, ಗೋಣಿಯಂಥ ಬಟ್ಟೆ ಕಾಣುತ್ತಿತ್ತು. ಅಳುತ್ತ ಕೂರುವ ಜಾತಿ ನನ್ನದಲ್ಲ. ಕತ್ತರಿ ತೆಗೆದುಕೊಂಡೆ. ನಮ್ಮ ಆಡಿನ ಬಣ್ಣವೂ ಹೆಚ್ಚುಕಡಿಮೆ ಬೆಲ್ಲದ್ದೇ. ಅದರ ಪಕ್ಕೆಯ ಕೂದಲು ಕತ್ತರಿಸಿ, ಜಾಲಿಯ ಅಂಟು ನೆನೆಸಿ, ಬಹಾದ್ದೂರನ ಬೆನ್ನಿಗೆ ಮೆತ್ತಿದೆ. ದೂರದಿಂದ ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು, ಬಹಳ ದೂರದಿಂದ.

ಕಾಕಾ ಬಂದವನೇ ಬೂಟು ಕೂಡಿಸಿ ಬಹಾದ್ದೂರನಿಗೆ ಸಲಾಮು ಹೊಡೆದ. ಎತ್ತಿಕೊಂಡ. ಮೂಗು ಸುಕ್ಕಾಯಿತು. ಕೈ ನೋಡಿಕೊಂಡ, ಅಂಟು, ಅದರಲ್ಲಿ ನಾಲ್ಕು ಇರುವೆ. ತಿರುಗಿಸಿದ. ಬಾಗಿಲ ಹತ್ತಿರ ಅರ್ಧ ಪಕ್ಕೆ ಬೋಳಾದ ಆಡು ಮೇ ಅಂದಿತು. ಅವನು ಬೈಯಲಿಲ್ಲ, ಅದೇ ಕಷ್ಟವಾದದ್ದು. ಗೋಡೆಗೆ ಒರಗಿ ಕೂತು ಬಹಾದ್ದೂರನನ್ನು ಮೊಣಕಾಲ ಮೇಲಿಟ್ಟುಕೊಂಡ.

"ಸಂತ್ರಿ, ಏನಾತು ಹೇಳು."

ಹೇಳಿದೆ. ಗೌರಿಯ ತಮ್ಮನಿಂದ ಹಿಡಿದು ಎಲ್ಲವನ್ನೂ, ಬೆಲ್ಲ, ಪುಠಾಣಿಯನ್ನೂ. ಆಯಿ ನಡುವೆ ಬಂದಳು.

"ಹುಡುಗಿಗೆ ಏನೂ ಅನಬ್ಯಾಡೋ. ನಾನೂ ಕಿತ್ತೇನಿ. ಕೂಸುಗಳು ಅಂಜಿದ್ವು, ಮನ್ಯಾಗ ಕರಡಿ ಇತ್ತು. ಇಲ್ಲಾ ಅಂತ ಹ್ಯಾಂಗ ಅನ್ನಲಿ?"

"ನಾ ಅಲ್ಲಿ ಏನಂತ ಹೇಳ್ಲಿ ಬೇ ಯವ್ವಾ? ಪಂಜಾಬಿಗೆ ಹೋದಾಗ ಒಂದ ಕೂದಲ ಹೋಗಲಿಲ್ಲ, ಕೊಂಕಣದಾಗ ಹೋಗಲಿಲ್ಲ. ನಮ್ಮ ಮನಿಗೆ ಬಂದು ಬೋಳ ಆದ. ಇಂಥಾ ಮಂದಿ ಅಂತಾರ."

ನಾನು ಬೆರಳು ಮಡಚಿ ಯಾರ್ಯಾರ ಕೂಸುಗಳು ಎಂದು ಅವನಿಗೆ ಹೇಳತೊಡಗಿದೆ, ಹೇಳಿದಷ್ಟೂ ತಪ್ಪು ಕಮ್ಮಿಯಾಗುತ್ತದೆ ಅನ್ನುವ ಹಾಗೆ. ಹನ್ನೊಂದನೆಯದು ಸಾಹುಕಾರ್ತಿಯ ಮೊಮ್ಮಗ.

"ಅವರ ಮನಿಗೆ ಯಾಕ ಒಯ್ದಿ?" ಅಂದ ಕಾಕಾ.

"ಒಯ್ಯಲಿಲ್ಲ ಕಾಕಾ. ಅವರೇ ಬಂದಿದ್ರು."

"ಗಿಡದ ತನಾನಾ?"

"ಒಳಗ. ಒಳಗೇ ಬರಬೇಕು ಅಂದೆ, ಬಂದ್ರು. ಅಲ್ಲೇ ಕುಂತಿದ್ರು, ನೆಲದ ಮ್ಯಾಲ."

ಕಾಕಾ ಆಯಿಯ ಮುಖ ನೋಡಿದ. ಆಯಿ ಹೌದೆಂದು ತಲೆ ಆಡಿಸಿದಳು. ಮತ್ತೊಮ್ಮೆ ಹೇಳೆಂದ, ಹೇಳಿದೆ. ಮೂರನೆಯ ಸಲ ಸಾಹುಕಾರ್ತಿಯ ಸೊಂಟ ಬಾಗಿದ್ದು, ಆಯಿಯ ಮೊರ ಜಾರಿದ್ದು ಎಲ್ಲ ಆಡಿ ತೋರಿಸಿದೆ. ಅವನು ಎದ್ದು ಹೋಗಿ ಸಾಹುಕಾರ್ತಿ ಕೂತ ಜಾಗದಲ್ಲೇ ಕೂತ. ಅಂಗೈಯಿಂದ ನೆಲ ಸವರಿದ. ಆಮೇಲೆ ಪೆಟ್ಟಿಗೆಯಿಂದ ಪೆನ್ಸಿಲು ತೆಗೆದು ಪುಸ್ತಕ ಬಿಚ್ಚಿದ. ಸಂಜೆಯವರೆಗೂ ಬರೆದ. ಕೂಸುಗಳ ಹೆಸರೆಲ್ಲ ಕೇಳಿ ಕೇಳಿ ಬರೆದುಕೊಂಡ, ಹದಿನೆಂಟು. ನನ್ನ ಬೆಲ್ಲದ ವ್ಯವಹಾರವನ್ನೂ ಬರೆದ. ಅದೊಂದು ಬಿಡು ಅಂದೆ, ಬಿಡಲಿಲ್ಲ. ಆಯಿ ಬಿಸಿ ನೀರಿನಲ್ಲಿ ಬಟ್ಟೆ ಅದ್ದಿ ಅಂಟು, ಆಡಿನ ಕೂದಲು ಒರೆಸಿ ತೆಗೆದಳು. ಹಳೆಯ ಸೀರೆಯ ಕೆಂಪು, ಹಸಿರು, ನೀಲಿ ತುಣುಕು ಸೇರಿಸಿ, ನಾವು ಹೊದೆಯುವಂಥದೇ ಒಂದು ಪುಟ್ಟ ಕೌದಿ ಮಾಡಿ ಅವನ ಬೋಳು ಬೆನ್ನಿಗೆ ಹೊಲಿದಳು. ಹೊರಡುವ ದಿನ ಕಾಕಾ ಅವನನ್ನು ಟವೆಲ್ಲಿನಲ್ಲಿ ಸುತ್ತಲಿಲ್ಲ, ಹೆಗಲ ಮೇಲೆ ಕೂಡಿಸಿಕೊಂಡು ಅಗಸಿಯೊಳಗಿಂದ ನಡೆದ. ಕೌದಿ ಎಲ್ಲರಿಗೂ ಕಾಣುತ್ತಿತ್ತು. ಆದರೂ ಅವನ ಮುಖದಲ್ಲಿ ಸ್ವಲ್ಪ ಅಳುಕು ಇದ್ದೇ ಇತ್ತು. ಅಲ್ಲಿ ಏನಂತಾರೋ ಎಂಬ ಚಿಂತೆ ಅವನಿಗೆ, ಅವನು ಹೋದ ಮೇಲೆ ನನಗೆ. ಬೆಲ್ಲ ಕೊಟ್ಟರೂ ಸೇರಲಿಲ್ಲ ಅಂದರೆ ನೀವೇ ತಿಳಿದುಕೊಳ್ಳಿ.

ಮೂರು ತಿಂಗಳ ಮೇಲೆ ಕಾಗದ ಬಂತು. ಕಾಕಾ ಕಲಿತ ಫೌಜಿನ ಅಕ್ಷರ ಊರಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ಅದಕ್ಕೇ ಪಲ್ಟನ್ನಿನ ಯಾರೋ ಮರಾಠಿಯವನಿಂದ ಬರೆಸಿದ್ದ. ಅಂಚೆ ಕಚೇರಿಯ ಮುಂದೆ ಕೂಡುತ್ತಿದ್ದ ಮುನಶಿ ಓದಿ ನಮ್ಮ ಮಾತಿನಲ್ಲಿ ಹೇಳಿದ. ಕಾಕಾ ಆರಾಮವಾಗಿದ್ದ. ಪಲ್ಟನ್ನಿಗೆ ಮರಳಿದ ದಿನ ಎಲ್ಲರೂ ಸಾಲಾಗಿ ನಿಂತಾಗ ಸುಬೇದಾರ ಬಹಾದ್ದೂರನನ್ನು ತಿರುಗಿಸಿ, ಕೌದಿ ಮುಟ್ಟಿ ನೋಡಿ, ಇದೇನು ಎಂದು ಕೇಳಿದ್ದ. ಕಾಕಾ ಪುಸ್ತಕ ಕೊಟ್ಟ. ಸುಬೇದಾರ ಜೋರಾಗಿ ಓದಿಸಿದ. ಹದಿನೆಂಟು ಹೆಸರೂ ಓದಿದರು. ಬೆಲ್ಲದ ಮಾತಿಗೆ ನಕ್ಕರು, ಸಾಹುಕಾರ್ತಿ ಒಳಗೆ ಬಂದ ಮಾತಿಗೆ ನಗಲಿಲ್ಲ. ಸಂಜೆ ಊಟದ ಮೇಲೆ ದೊಡ್ಡ ಮೀಸೆಯ ಪಂಜಾಬಿ ಡ್ರೈವರೊಬ್ಬ ಕಾಕಾನನ್ನು ಬದಿಗೆ ಕರೆದು, ತನಗೂ ಮೂರು ಕೂದಲು ಕೊಡು, ಯಾರಿಗೂ ಹೇಳಬೇಡ ಅಂದನಂತೆ. ಅವನ ಹಿಂದೆ ಕೊಂಕಣದವನು. ಅವನ ಹಿಂದೆ ಮತ್ತೊಬ್ಬ. ಕೊನೆಗೆ ಸುಬೇದಾರನೂ ಬಂದ. 'ಈಗ ಪಲ್ಟನ್ನಿನ ಎಲ್ಲರ ತೋಳಿಗೂ ಕರಿ ದಾರ ಇದೆ. ಬಹಾದ್ದೂರನ ಮೈಮೇಲೆ ಮಾತ್ರ ಒಂದು ಕೂದಲೂ ಇಲ್ಲ. ನಾವು ಚಳಿಯ ಕಡೆ ಹೋಗುವವರಿದ್ದೇವೆ. ನನ್ನ ಯವ್ವ ಅವನಿಗೆ ಕುತ್ತಿಗೆಯಿಂದ ಕಾಲಿನ ತನಕ ಕೌದಿಯ ಅಂಗಿ ಹೊಲಿದು ಕಳಿಸಬೇಕು. ಇದು ಸುಬೇದಾರ ಸಾಹೇಬರ ಹುಕುಂ' ಎಂದು ಬರೆಸಿದ್ದ.

ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ:

"ಆಯಿ, ಅಷ್ಟು ದೊಡ್ಡ ಗಂಡಸರೂ ಅಂಜತಾರ?"

"ಅಂಜಿಕಿಗೆ ಮೀಸಿ ಕಾಣಸ್ತದೇನು? ನಡಿ ನಡಿ, ಕೆಲಸ ಅದ."

ಮನೆಗೆ ಬಂದು ಆಯಿ ಪೆಟ್ಟಿಗೆಯ ತಳದಿಂದ ತನ್ನ ಹಸಿರು ಸೀರೆ ತೆಗೆದಳು. ಹಬ್ಬಕ್ಕೆ ಉಡುತ್ತಿದ್ದದ್ದು ಅದೊಂದೇ. ಅವ್ವ ಬೇಡವೆಂದಳು, ಆಯಿ ಬೇಕೆಂದಳು, ಎಂದಿನಂತೆ ಜಗಳವಾಯಿತು. ಆಮೇಲೆ ಅವ್ವನೇ ತನ್ನ ಸೀರೆಯ ಕೆಂಪು ಅಂಚು ಹರಿದು ಕೊಟ್ಟಳು. ಕತ್ತರಿ ಹಿಡಿದು ಆಯಿ ನನ್ನತ್ತ ನೋಡಿದಳು. ಬಹಾದ್ದೂರನ ಅಳತೆ ಯಾರೂ ಬರೆದಿಟ್ಟಿರಲಿಲ್ಲ, ಅವನನ್ನು ಅಪ್ಪಿಕೊಂಡು ಮಲಗಿದವಳು ನಾನೊಬ್ಬಳೇ.

"ಎಷ್ಟಿದ್ದ ತೋರಸು."

ಕಣ್ಣು ಮುಚ್ಚಿ ಎರಡೂ ತೋಳು ಚಾಚಿ ಅವನನ್ನು ಹಿಡಿದ ಹಾಗೆ ಹಿಡಿದೆ. ಆಯಿ ಒಂದು ದಾರ ತಂದು ನನ್ನ ತೋಳುಗಳ ನಡುವಿನ ಬರಿದಾದ ಜಾಗವನ್ನು ಅಳೆಯತೊಡಗಿದಳು, ಮೊದಲು ಕುತ್ತಿಗೆ, ಆಮೇಲೆ ಎದೆ. ಹೊಟ್ಟೆಯ ಹತ್ತಿರ ಬಂದಾಗ ನಾನು ಕೈಯನ್ನು ನಾಲ್ಕು ಬೆರಳು ಅಗಲ ಮಾಡಿದೆ. ಆಳಂದದಲ್ಲಿ ಇಪ್ಪತ್ತು ದಿನ ಉಂಡು ಹೋದವನು ಪಲ್ಟನ್ನಿನಲ್ಲಿ ಸೊರಗಿದವನ ಹಾಗೆ ಕಾಣಬಾರದಲ್ಲ.